ಮೊದಲು ದಾರ ಹಿಡೀರಿ, ಆಮೇಲೆ ರೇಟು ಮಾತಾಡಿ

ನಮ್ಮ ಕ್ಯಾಂಪಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ಸೈಕಲ್ಲಿಗೆ ಇರೋದು ಒಂದೇ ಪರೀಕ್ಷೆ. ಮಾರುವ ಸೀನಿಯರ್ ಹತ್ತಿ ಕೂತು, ಮೆಸ್ಸಿನಿಂದ ಲೈಬ್ರರಿ ತಿರುವಿನ ತನಕ ಎರಡೂ ಕೈ ಬಿಟ್ಟು ಓಡಿಸಿ ತೋರಿಸ್ತಾರೆ. "ನೋಡು ಮಗಾ, ದಾರ ಹಿಡಿದ ಹಾಗೆ ಹೋಗುತ್ತೆ." ಕೊಳ್ಳುವ ಜೂನಿಯರ್ ಅಲ್ಲೇ ನಿಂತು ಯುಪಿಐ ಮಾಡ್ತಾನೆ. ಎರಡು ತಿಂಗಳಿಗೆ ಹಿಂದಿನ ಬ್ರೇಕು ಒಂದೇ ಕಡೆ ಉಜ್ಜೋಕೆ ಶುರುವಾಗುತ್ತೆ, ಗೇರು ಹೇಳಿದ ಮಾತು ಕೇಳಲ್ಲ, ಚೈನು ಕಿರಗುಟ್ಟುತ್ತೆ. ಅಂಗಡಿಗೆ ಒಯ್ದರೆ ಅವರು ಒಂದು ಕಣ್ಣು ಮುಚ್ಚಿ ನೋಡಿ "ಫ್ರೇಮೇ ಬೆಂಡು, ಹೊಸದು ತಗೊಂಡುಬಿಡಿ" ಅಂತಾರೆ. ಸೈಕಲ್ಲು ಹಾಸ್ಟೆಲ್ ಹಿಂದಿನ ಸ್ಟ್ಯಾಂಡು ಸೇರುತ್ತೆ. ಅಲ್ಲಿಂದ ಅದಕ್ಕೆ ಉಳಿದಿರೋದು ಗುಜರಿ ಗಾಡಿಯ ದಾರಿ ಮಾತ್ರ.

ಈ ಇಡೀ ಕತೆಯಲ್ಲಿ ಯಾರೂ ಏನನ್ನೂ ಅಳೆಯಲಿಲ್ಲ ಅನ್ನೋದೇ ನಮ್ಮ ತಕರಾರು. ಮಾರಿದವರು ಅಳೆಯಲಿಲ್ಲ, ಕೊಂಡವರು ಅಳೆಯಲಿಲ್ಲ, "ಬೆಂಡು" ಅಂದವರೂ ಅಳೆಯಲಿಲ್ಲ. ಅಳೆಯೋದನ್ನೇ ನಾಲ್ಕು ವರ್ಷ ಕಲಿಸೋ ಜಾಗದಲ್ಲಿ ಕೂತು ಒಂದು ಫ್ರೇಮು ನೆಟ್ಟಗಿದೆಯಾ ಇಲ್ಲವಾ ಅಂತ ಹೇಳೋಕೆ ನಮಗೆ ಆಗದಿದ್ದರೆ ಏನು ಚೆನ್ನ? ಬೇಕಾಗೋದು ಎರಡೂವರೆ ಮೀಟರ್ ಗಾರೆ ಕೆಲಸದವರ ನೈಲಾನ್ ದಾರ, ಒಂದು ಸ್ಟೀಲ್ ಸ್ಕೇಲು, ಹಿಂದಿನ ಚಕ್ರ ಬಿಚ್ಚೋಕೆ ಒಂದು ಸ್ಪ್ಯಾನರ್. ಹದಿನೈದು ನಿಮಿಷದ ಕೆಲಸ. ಇದನ್ನು ಮಾಡದೆ ಹಳೇ ಸೈಕಲ್ ಮಾರೋದೂ ಬೇಡ, ಕೊಳ್ಳೋದೂ ಬೇಡ, ಗುಜರಿಗೆ ಹಾಕೋದಂತೂ ಬೇಡವೇ ಬೇಡ ಅನ್ನೋದು ನಮ್ಮ ವಾದ.

ಮೊದಲು ಅಲೈನ್‌ಮೆಂಟ್ ಅಂದರೆ ಏನು ಅಂತ ಒಂದು ಮಾತು. ಸೈಕಲ್ಲಿನ ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ಒಂದು ದೊಡ್ಡ ಗಾಜಿನ ಹಾಳೆ ನಿಲ್ಲಿಸಿದ್ದೀವಿ ಅಂದ್ಕೊಳ್ಳಿ. ಹ್ಯಾಂಡಲ್ ತಿರುಗೋ ಮುಂದಿನ ಕೊಳವೆ, ಅಂದರೆ ಹೆಡ್ ಟ್ಯೂಬು, ಆ ಹಾಳೆಯಲ್ಲೇ ಇರಬೇಕು. ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಟ್ಯೂಬೂ ಅದರಲ್ಲೇ ಇರಬೇಕು. ಎರಡು ಚಕ್ರಗಳೂ ಅದರಲ್ಲೇ ಇರಬೇಕು. ಪೆಡಲ್ಲಿನ ಆ್ಯಕ್ಸಲ್ ಹಾಳೆಗೆ ಲಂಬವಾಗಿರಬೇಕು. ಹಿಂದಿನ ಚಕ್ರದ ಆ್ಯಕ್ಸಲ್ ಕೂರೋ ಎರಡು ಸೀಳುಗಳು, ಅಂದರೆ ಡ್ರಾಪ್‌ಔಟುಗಳು, ಹಾಳೆಯಿಂದ ಸಮಾನ ದೂರದಲ್ಲಿದ್ದು ಅದಕ್ಕೆ ಸಮಾಂತರವಾಗಿರಬೇಕು. (ಇಂಜಿನಿಯರಿಂಗ್ ಕಾಲೇಜಿನಲ್ಲಿ ಡ್ರಾಪ್‌ಔಟ್ ಅಂದ ತಕ್ಷಣ ಬೇರೆ ಯಾರದೋ ನೆನಪಾದರೆ ಅದು ನಮ್ಮ ತಪ್ಪಲ್ಲ.) ಇಷ್ಟೇ. "ಫ್ರೇಮ್ ಬೆಂಡು" ಅಂದರೆ ಇದರಲ್ಲಿ ಯಾವುದೋ ಒಂದು ಈ ಹಾಳೆ ಬಿಟ್ಟು ಪಕ್ಕಕ್ಕೆ ಹೋಗಿದೆ ಅಂತ ಅರ್ಥ. ಯಾವುದು, ಎಷ್ಟು ಅಂತ ಹೇಳದೆ ಬರೀ ಬೆಂಡು ಅನ್ನೋದು, ಪೇಷಂಟ್ ನೋಡಿ "ಹುಷಾರಿಲ್ಲ" ಅಂದಷ್ಟೇ.

ದಾರದ ಪರೀಕ್ಷೆ ಹೀಗೆ. ಹಿಂದಿನ ಚಕ್ರ ಬಿಚ್ಚಿ ತೆಗೀರಿ. ದಾರದ ಒಂದು ತುದಿಯನ್ನು ಎಡಗಡೆಯ ಡ್ರಾಪ್‌ಔಟಿಗೆ ಕಟ್ಟಿ. ಅಲ್ಲಿಂದ ಮುಂದಕ್ಕೆ ಎಳೆದು ಹೆಡ್ ಟ್ಯೂಬನ್ನು ಸುತ್ತಿಸಿ, ಬಲಗಡೆಯಿಂದ ಹಿಂದಕ್ಕೆ ತಂದು ಬಲ ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಎರಡೂ ಕಡೆ ದಾರ ಡ್ರಾಪ್‌ಔಟಿನ ಹೊರಮೈಯಲ್ಲಿ, ಒಂದೇ ಜಾಗದಿಂದ ಹೊರಡಬೇಕು. ವೀಣೆಯ ತಂತಿಯಷ್ಟಲ್ಲದಿದ್ದರೂ ಮೀಟಿದರೆ ಸದ್ದು ಬರೋಷ್ಟು ಬಿಗಿ ಇರಲಿ. ದಾರ ಬೇರೆ ಯಾವ ಕೊಳವೆಗೂ, ಕೇಬಲ್ಲಿಗೂ ತಾಗಿರಬಾರದು. ಈಗ ಸೀಟ್ ಟ್ಯೂಬಿನ ಎಡಮೈಯಿಂದ ಎಡ ದಾರಕ್ಕೆ ಎಷ್ಟು, ಬಲಮೈಯಿಂದ ಬಲ ದಾರಕ್ಕೆ ಎಷ್ಟು ಅಂತ ಸ್ಕೇಲು ಇಟ್ಟು ಅಳೀರಿ. ಸಾಮಾನ್ಯ ಗೇರ್ ಸೈಕಲ್ಲಿನಲ್ಲಿ ಎರಡೂ ಕಡೆ ಸುಮಾರು 30ರಿಂದ 35 ಮಿಲಿಮೀಟರ್ ಬರುತ್ತೆ. ಎರಡೂ ಒಂದೇ ಆಗಿದ್ದರೆ ಹೆಡ್ ಟ್ಯೂಬು, ಸೀಟ್ ಟ್ಯೂಬು, ಹಿಂದಿನ ಡ್ರಾಪ್‌ಔಟುಗಳ ನಡುಬಿಂದು, ಮೂರೂ ಒಂದೇ ಗೆರೆಯಲ್ಲಿವೆ.

ಒಂದೇ ಆಗಿಲ್ಲದಿದ್ದರೆ? ಎಸ್‌ಎಸ್‌ಎಲ್‌ಸಿಯ ಸಮರೂಪ ತ್ರಿಭುಜ ಸಾಕು. ಎಡಕ್ಕೆ 35, ಬಲಕ್ಕೆ 31 ಬಂತು ಅಂದ್ಕೊಳ್ಳಿ. ವ್ಯತ್ಯಾಸ 4, ಅಂದರೆ ದಾರದ ನಡುಗೆರೆ ಸೀಟ್ ಟ್ಯೂಬಿನ ಹತ್ತಿರ 2 ಮಿ.ಮೀ. ಎಡಕ್ಕೆ ಹೋಗಿದೆ. ಹೆಡ್ ಟ್ಯೂಬಿನಿಂದ ಸೀಟ್ ಟ್ಯೂಬಿಗೆ 55 ಸೆಂ.ಮೀ., ಹೆಡ್ ಟ್ಯೂಬಿನಿಂದ ಹಿಂದಿನ ಆ್ಯಕ್ಸಲ್ಲಿಗೆ 97 ಸೆಂ.ಮೀ. ಇದ್ದರೆ, ಆ್ಯಕ್ಸಲ್ಲಿನ ಹತ್ತಿರ ಅದು 2 × 97 ÷ 55, ಅಂದರೆ ಸುಮಾರು 3.5 ಮಿ.ಮೀ. ಎಡಕ್ಕೆ. ಹೆಚ್ಚುಕಮ್ಮಿ ಎಲ್ಲಾ ಸೈಕಲ್ಲಿಗೂ ಈ ಲೆಕ್ಕ ಹೀಗೇ ಬರೋದರಿಂದ, ಕ್ಯಾಲ್ಕುಲೇಟರ್ ಹುಡುಕೋದು ಬೇಡ. ಎರಡು ಅಳತೆಗಳ ವ್ಯತ್ಯಾಸ ಎಷ್ಟೋ, ಹಿಂದಿನ ಚಕ್ರ ನಡುಗೆರೆಯಿಂದ ಅದಕ್ಕಿಂತ ಒಂಚೂರು ಕಮ್ಮಿ ಸರಿದಿದೆ ಅಂತ ಇಟ್ಕೊಂಡರೆ ಸಾಕು.

ವ್ಯತ್ಯಾಸ 1, 2 ಮಿ.ಮೀ. ಇದ್ದರೆ ಸುಮ್ಮನೆ ದಾರ ಸುತ್ತಿಟ್ಟು ಟೀ ಕುಡಿಯೋಕೆ ಹೋಗಿ. ಹೊಸ ಸೈಕಲ್ಲಿನಲ್ಲೂ ಅಷ್ಟು ಬರಬಹುದು. ಡಯಲ್ ಗೇಜ್ ಹಿಡ್ಕೊಂಡು ಸೊನ್ನೆ ಬರೋ ತನಕ ನಿದ್ದೆ ಮಾಡಲ್ಲ ಅನ್ನೋ ಭಕ್ತರೂ ನಮ್ಮಲ್ಲಿದ್ದಾರೆ. ಅವರಿಗೆ ದೂರದಿಂದಲೇ ನಮಸ್ಕಾರ.

ಇಲ್ಲಿ ಒಂದು ಎಚ್ಚರ ಬೇಕು. ಬ್ರೇಕಿನ ಹತ್ತಿರ ರಿಮ್ಮು ಒಂದು ಕಡೆ ವಾಲಿ ನಿಂತಿದ್ದರೆ ಅದು ಫ್ರೇಮಿನ ತಪ್ಪೇ ಅಂತ ಹೇಳೋಕಾಗಲ್ಲ. ಚಕ್ರ ಕಟ್ಟಿದವರು ಎರಡೂ ಕಡೆಯ ಕಡ್ಡಿ ಬಿಗಿ ಮಾಡುವಾಗ ರಿಮ್ಮನ್ನು ಹಬ್ಬಿನ ನಡುವಿಗೆ ತರದೆ ಬಿಟ್ಟಿರಬಹುದು. ನಮ್ಮ ಅನುಭವದಲ್ಲಿ "ಫ್ರೇಮ್ ಬೆಂಡು" ಅನ್ನಿಸಿಕೊಂಡು ಮೂಲೆ ಸೇರಿದ ಎಷ್ಟೋ ಸೈಕಲ್ಲುಗಳ ರೋಗ ಇದೇ. ಎರಡನ್ನೂ ಬೇರ್ಪಡಿಸೋದು ಹೇಗೆ? ಸಿವಿಲ್‌ನವರಿಗೆ ಇದು ಚೆನ್ನಾಗಿ ಗೊತ್ತು. ಅವರಿಗಿಂತ ಮುಂಚೆ ಮೇಸ್ತ್ರಿಗಳಿಗೆ ಗೊತ್ತು. ರಸಮಟ್ಟ ಸರಿಯಿದೆಯಾ ಅಂತ ಅನುಮಾನ ಬಂದರೆ ಮೇಸ್ತ್ರಿ ಏನು ಮಾಡ್ತಾರೆ? ಅದೇ ಜಾಗದಲ್ಲಿ ಅದನ್ನು ತಿರುಗಿಸಿ ಇಡ್ತಾರೆ. ಗುಳ್ಳೆ ಅದೇ ದಿಕ್ಕಿಗೆ ಹೋದರೆ ನೆಲ ಓರೆ, ಉಲ್ಟಾ ದಿಕ್ಕಿಗೆ ಹೋದರೆ ರಸಮಟ್ಟವೇ ಓರೆ.

ಚಕ್ರಕ್ಕೂ ಅದೇ ಮಾಡಿ. ಚೈನು ಪಕ್ಕಕ್ಕಿಟ್ಟು, ಹಿಂದಿನ ಚಕ್ರವನ್ನು ಎಡಬಲ ಅದಲುಬದಲು ಮಾಡಿ ಕೂರಿಸಿ. ಫ್ರೀವೀಲು ಎಡಗಡೆ ಬರುತ್ತೆ, ಪರವಾಗಿಲ್ಲ, ನಾವೇನೂ ಓಡಿಸೋಕೆ ಹೋಗ್ತಿಲ್ಲ. ಮೊದಲು ರಿಮ್ಮು 3 ಮಿ.ಮೀ. ಬಲಕ್ಕಿತ್ತು, ತಿರುಗಿಸಿದ ಮೇಲೂ 3 ಬಲಕ್ಕೇ ಇದ್ದರೆ ತಪ್ಪು ಫ್ರೇಮಿನದು. ತಿರುಗಿಸಿದ ಮೇಲೆ 3 ಎಡಕ್ಕೆ ಹೋದರೆ ತಪ್ಪು ಚಕ್ರದ್ದು. ಮೊದಲು 4 ಬಲಕ್ಕೆ, ಆಮೇಲೆ 2 ಬಲಕ್ಕೆ ಬಂದರೆ? ಎರಡನ್ನೂ ಕೂಡಿ ಅರ್ಧ ಮಾಡಿದರೆ ಫ್ರೇಮಿನ ಪಾಲು 3, ಕಳೆದು ಅರ್ಧ ಮಾಡಿದರೆ ಚಕ್ರದ ಪಾಲು 1. ಎರಡು ಅಜ್ಞಾತ, ಎರಡು ಸಮೀಕರಣ. ಎಂ-1 ಪೇಪರಿನಲ್ಲಿ ಇಷ್ಟು ಸುಲಭದ ಲೆಕ್ಕ ಯಾವತ್ತೂ ಕೊಟ್ಟಿಲ್ಲ. ಚಕ್ರದ ಪಾಲನ್ನು ಕಡ್ಡಿ ಬಿಗಿ-ಸಡಿಲ ಮಾಡಿ ಸರಿಮಾಡಬಹುದು. ಬೆಂಡ್ ತೆಗೆಯೋ ಕೈ ಚೆನ್ನಾಗಿದ್ದರೆ ಅರ್ಧ ಗಂಟೆ. ಅದಕ್ಕೆ ಹೊಸ ಸೈಕಲ್ ಬೇಕಾಗಿಲ್ಲ.

ರಿಮ್ಮು ಎಲ್ಲಿ ಓರೆಯಿದೆ ಅನ್ನೋದೂ ಮಾತಾಡುತ್ತೆ. ಪೆಡಲ್ ಹತ್ತಿರದ ಎರಡು ಕೊಳವೆಗಳ ನಡುವೆ ಚಕ್ರ ಸರಿಯಾಗಿ ನಡುವಿನಲ್ಲಿದ್ದು, ಮೇಲೆ ಬ್ರೇಕಿನ ಹತ್ತಿರ ಮಾತ್ರ ಪಕ್ಕಕ್ಕಿದ್ದರೆ, ಒಂದು ಡ್ರಾಪ್‌ಔಟು ಇನ್ನೊಂದಕ್ಕಿಂತ ಮೇಲಿದೆ. ಉಲ್ಟಾ, ಬ್ರೇಕಿನ ಹತ್ತಿರ ಸರಿಯಿದ್ದು ಪೆಡಲ್ ಹತ್ತಿರ ಓರೆಯಿದ್ದರೆ, ಆ್ಯಕ್ಸಲ್ಲಿನ ಒಂದು ತುದಿ ಮುಂದಿದೆ, ಒಂದು ಹಿಂದಿದೆ. ಗೇರಿಲ್ಲದ ಕಪ್ಪು ಸೈಕಲ್ಲುಗಳಲ್ಲಿ ಚೈನು ಬಿಗಿ ಮಾಡುವಾಗ ಒಂದು ಕಡೆ ಜಾಸ್ತಿ ಎಳೆದಿದ್ದರೆ ಇದೇ ಆಗೋದು. ನಟ್ಟು ಸಡಿಲಿಸಿ, ಚಕ್ರ ನೆಟ್ಟಗೆ ಮಾಡಿ, ಮತ್ತೆ ಬಿಗಿದರೆ ಮುಗೀತು. ಇದನ್ನೂ "ಫ್ರೇಮ್ ಬೆಂಡು" ಲೆಕ್ಕಕ್ಕೆ ಸೇರಿಸಿದವರನ್ನು ನೋಡಿದ್ದೀವಿ.

ದಾರಕ್ಕೂ ಮಿತಿಯಿದೆ. ಫ್ರೇಮು ತಿರುಚಿಕೊಂಡಿದ್ದರೆ ದಾರಕ್ಕೆ ಅದು ಗೊತ್ತಾಗಲ್ಲ. ಅದಕ್ಕೆ ಕಣ್ಣೇ ಬೇಕು. ಸೈಕಲ್ಲಿನ ಮುಂದೆ ಎರಡು ಮೂರು ಮೀಟರ್ ದೂರ ನಿಂತು, ಒಂದು ಕಣ್ಣು ಮುಚ್ಚಿ, ಹೆಡ್ ಟ್ಯೂಬಿನ ಹಿಂದೆ ಸೀಟ್ ಟ್ಯೂಬು ಮರೆಯಾಗೋ ಹಾಗೆ ತಲೆ ಸರಿಸಿ. ಈಗ ಸೀಟ್ ಟ್ಯೂಬು ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ಇಣುಕಿದರೆ ಫ್ರೇಮು ತಿರುಚಿದೆ. ಅಡ್ಡ ಬಾರ್ ಇಲ್ಲದ ಲೇಡೀಸ್ ಸೈಕಲ್ಲುಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಮೇಲಿನ ಕೊಳವೆ ಕೆಳಗಿಳಿದಿರೋದರಿಂದ ತಿರುಚು ಬಲ ತಡೆಯೋ ಶಕ್ತಿ ಆ ಫ್ರೇಮಿಗೆ ಮಾಮೂಲಿ ಫ್ರೇಮಿಗಿಂತ ಕಮ್ಮಿ. ಅಂಗಡಿಯವರು ಒಂದು ಕಣ್ಣು ಮುಚ್ಚಿ ನೋಡೋದು ತಪ್ಪಲ್ಲ. ಅಷ್ಟಕ್ಕೇ ನಿಲ್ಲಿಸೋದು ತಪ್ಪು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇದೆಲ್ಲ ಓಡಿಸುವಾಗ ಗೊತ್ತಾಗುತ್ತಾ?

ಸೈಕಲ್ ಯಾಕೆ ಬೀಳಲ್ಲ ಅಂತ ವೈವಾದಲ್ಲಿ ಕೇಳಿದರೆ ನಾವೆಲ್ಲ "ಗೈರೋಸ್ಕೋಪಿಕ್ ಎಫೆಕ್ಟ್ ಸರ್" ಅಂದು ಪಾಸಾಗೋರು. 1970ರಲ್ಲೇ ಡೇವಿಡ್ ಜೋನ್ಸ್ ಅನ್ನೋ ಬ್ರಿಟಿಷ್ ವಿಜ್ಞಾನಿ ಮುಂದಿನ ಚಕ್ರದ ಪಕ್ಕ ಉಲ್ಟಾ ತಿರುಗೋ ಇನ್ನೊಂದು ಚಕ್ರ ಕಟ್ಟಿ, ಗೈರೋ ಪರಿಣಾಮವನ್ನು ರದ್ದು ಮಾಡಿ ಓಡಿಸಿದ, ಸೈಕಲ್ ಆರಾಮಾಗಿ ಹೋಯಿತು ಅಂತ 'ಫಿಸಿಕ್ಸ್ ಟುಡೇ'ಯಲ್ಲಿ ಬರೆದ. 2011ರಲ್ಲಿ ಡೆಲ್ಫ್ಟ್, ಕಾರ್ನೆಲ್ ಕಡೆಯ ಸಂಶೋಧಕರು ಗೈರೋ ಪರಿಣಾಮವೂ ಇಲ್ಲದ, ಮುಂದಿನ ಚಕ್ರದ ಟ್ರೇಲೂ ಇಲ್ಲದ ಒಂದು ಪುಟ್ಟ ಸೈಕಲ್ ಮಾಡಿ, ಅದು ಸವಾರನಿಲ್ಲದೆ ತಾನೇ ನೆಟ್ಟಗೆ ಓಡೋದನ್ನು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಒಟ್ಟು ಸಾರ ಇಷ್ಟು: ಸೈಕಲ್ಲು ಯಾವ ಕಡೆ ವಾಲುತ್ತೋ ಆ ಕಡೆಗೆ ಹ್ಯಾಂಡಲ್ ತಾನೇ ತಿರುಗಿ ತನ್ನನ್ನು ತಾನು ಎತ್ತಿಕೊಳ್ಳುತ್ತೆ. ಹಾಗೆ ತಿರುಗೋಕೆ ಕಾರಣ ಒಂದೇ ಆಗಿರಬೇಕು ಅಂತೇನಿಲ್ಲ.

ಎಡಬಲ ಸಮನಾಗಿರೋ ಸೈಕಲ್ಲಿನಲ್ಲಿ ಈ ಆಟದ ಸಮತೋಲ ಬಿಂದು ಸೊನ್ನೆಯಲ್ಲಿರುತ್ತೆ. ವಾಲುವಿಕೆ ಸೊನ್ನೆ, ಹ್ಯಾಂಡಲ್ ಕೋನ ಸೊನ್ನೆ. ಫ್ರೇಮು ಓರೆಯಾದರೆ ಸ್ಥಿರತೆ ಹೊರಟುಹೋಗಲ್ಲ, ಸಮತೋಲ ಬಿಂದು ಪಕ್ಕಕ್ಕೆ ಸರಿಯುತ್ತೆ. ಇಸಿಯವರ ಭಾಷೆಯಲ್ಲಿ ಹೇಳೋದಾದರೆ ಇದು ನಾಯ್ಸ್ ಅಲ್ಲ, ಡಿಸಿ ಆಫ್‌ಸೆಟ್. ಸೈಕಲ್ಲು "ಒಂದು ಕಡೆ ಎಳೆಯುತ್ತೆ" ಅನ್ನೋದು ಇದಕ್ಕೇ. ಹ್ಯಾಂಡಲ್ ಹಿಡಿದಿದ್ದಾಗ ಕೈಗಳು ನಮಗೆ ಹೇಳದೆ ಕೇಳದೆ ಅದನ್ನು ಸರಿದೂಗಿಸ್ತವೆ. ಕೈ ಬಿಟ್ಟಾಗ ಸೊಂಟ ಒಂದು ಕಡೆ ಜಾರಿಸಿ ಕೂರಬೇಕಾಗುತ್ತೆ. ಅಭ್ಯಾಸವಾದ ಸೀನಿಯರ್ ಜಾರಿಸಿ ಕೂತಿರೋದು ಜೂನಿಯರ್ ಕಣ್ಣಿಗೆ ಬೀಳಲ್ಲ. ಅದಕ್ಕೇ ಕೈ ಬಿಟ್ಟು ಓಡಿಸೋ ಪರೀಕ್ಷೆಯನ್ನು ಮಾರುವವರು ಮಾಡಿದರೆ ಕಾಸಿನ ಬೆಲೆಯಿಲ್ಲ. ಕೊಳ್ಳುವವರೇ ಮಾಡಿದರೂ ಪೂರ್ತಿ ನಂಬಬಾರದು. ರಸ್ತೆಯ ಅಂಚಿನ ಇಳಿಜಾರು, ಬೆನ್ನ ಮೇಲಿನ ಲ್ಯಾಪ್‌ಟಾಪ್ ಬ್ಯಾಗು, ಬಿಗಿಯಾಗಿ ಕೂತ ಹೆಡ್‌ಸೆಟ್ ಬೇರಿಂಗು, ಇವೆಲ್ಲ ಅದೇ ಲಕ್ಷಣ ತೋರಿಸ್ತವೆ.

ಎಷ್ಟು ಓರೆಗೆ ಎಷ್ಟು ಎಳೆತ ಅನ್ನೋದೂ ಓರೆ ಯಾವ ಬಗೆಯದು ಅನ್ನೋದರ ಮೇಲಿದೆ. ಎರಡು ಚಕ್ರಗಳೂ ನೆಟ್ಟಗೆ ನಿಂತು, ಸಮಾಂತರವಾಗಿದ್ದು, ಬರೀ 4 ಮಿ.ಮೀ. ಪಕ್ಕಪಕ್ಕ ಇದ್ದರೆ ಅದು ಗೊತ್ತೇ ಆಗಲ್ಲ. ಲೆಕ್ಕ ಹಾಕಿ: ಚಕ್ರಗಳು ನೆಲ ಮುಟ್ಟೋ ಗೆರೆಗೆ ಹೋಲಿಸಿದರೆ ನಿಮ್ಮ ತೂಕ ಸುಮಾರು 2 ಮಿ.ಮೀ. ಸರಿದಂತಾಯಿತು. ಆ ತೂಕ ಇರೋದು ಹತ್ತಿರ ಹತ್ತಿರ 1 ಮೀಟರ್ ಎತ್ತರದಲ್ಲಿ. ಅಂದರೆ ನೀವು ವಾಲಬೇಕಾದ್ದು ಡಿಗ್ರಿಯ ಹತ್ತನೇ ಒಂದು ಭಾಗ. ಬಲಗಡೆ ಜೇಬಿನಲ್ಲಿ ಫೋನ್ ಇದ್ದರೂ ಲೆಕ್ಕ ಏರುಪೇರಾಗುತ್ತೆ. ಆದರೆ ತಿರುಚಿಕೊಂಡ ಫ್ರೇಮಿನಲ್ಲಿ ಮುಂದಿನ ಚಕ್ರ ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ವಾಲಿರುತ್ತೆ. ಫೋರ್ಕಿನ ಒಂದು ಕಾಲು ಇನ್ನೊಂದಕ್ಕಿಂತ ಹಿಂದಕ್ಕೆ ಬಾಗಿದ್ದರೂ ಅಷ್ಟೇ. ಇದು ಕೈಗೆ ತಿಳಿಯುತ್ತೆ, ಉದ್ದದ ದಾರಿಯಲ್ಲಿ ಒಂದೇ ಭುಜ ನೋಯುತ್ತೆ. ಅದೇ ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಹ್ಯಾಂಡಲ್ ಗಡಗಡ ನಡುಗೋದಕ್ಕೂ ಅಲೈನ್‌ಮೆಂಟಿಗೂ ನಂಟು ಕಟ್ಟಬೇಡಿ. ಅದು ಫ್ರೇಮು ಸ್ಪ್ರಿಂಗಿನ ಹಾಗೆ ಬಳುಕಿ ಮುಂದಿನ ಚಕ್ರದ ಜತೆ ತೂಗಾಡೋ ಕಂಪನ. ಕೂದಲೆಳೆಯಷ್ಟೂ ಓರೆಯಿಲ್ಲದ ದುಬಾರಿ ಸೈಕಲ್ಲಿಗೂ ಬರುತ್ತೆ. ನಂದಿ ಬೆಟ್ಟದ ಇಳಿಜಾರಿನಲ್ಲಿ ಬಂದರೆ ಗಾಬರಿಯಾಗದೆ ಒಂದು ಮೊಣಕಾಲನ್ನು ಮೇಲಿನ ಬಾರಿಗೆ ಒತ್ತಿ, ಮೆಲ್ಲಗೆ ಬ್ರೇಕ್ ಹಾಕಿ.

ನಮ್ಮ ಪ್ರಕಾರ ಕೈಗೆ ತಿಳಿಯೋ ಓರೆಗಿಂತ ಕೈಗೆ ತಿಳಿಯದ ಓರೆಯೇ ಜಾಸ್ತಿ ಖರ್ಚು ತರೋದು. ಡ್ರಾಪ್‌ಔಟುಗಳು ಸಮಾಂತರವಾಗಿಲ್ಲ ಅಂದ್ಕೊಳ್ಳಿ. ನಟ್ಟು ಬಿಗಿದ ತಕ್ಷಣ ಅವು ಆ್ಯಕ್ಸಲ್ಲನ್ನೇ ಬಗ್ಗಿಸ್ತವೆ. ಕೋನು ಬೇರಿಂಗು ಒಂದು ಪಕ್ಕ ಕಚ್ಚುತ್ತೆ, ಒಂದು ಪಕ್ಕ ಸಡಿಲ. ಎಷ್ಟು ಗ್ರೀಸ್ ಹಾಕಿದರೂ ಕಿರಕಿರಿ ಹೋಗಲ್ಲ. ಫ್ರೀವೀಲು ತಿರುಗಿಸಿ ಕೂರಿಸೋ ಹಳೇ ಬಗೆಯ ಹಬ್ಬಿನಲ್ಲಂತೂ ಬಲಗಡೆಯ ಬೇರಿಂಗು ಡ್ರಾಪ್‌ಔಟಿನಿಂದ ತುಂಬ ಒಳಗಿರುತ್ತೆ. ಮಧ್ಯದ ಉದ್ದ ಪೂರ್ತಿ ಆಧಾರವಿಲ್ಲದ ಆ್ಯಕ್ಸಲ್ಲು. ಕ್ಯಾಂಟಿಲಿವರ್ ಬೀಮಿನ ಬೆಂಡಿಂಗ್ ಮೊಮೆಂಟ್ ಚಿತ್ರ ಬರೆದು ನೋಡಿ, ಯಾಕೆ ಆ ಕಡೆಯ ಆ್ಯಕ್ಸಲ್ಲೇ ಮುರಿಯೋದು ಅಂತ ಗೊತ್ತಾಗುತ್ತೆ. ಪದೇ ಪದೇ ಬಾಗಿ ಏಳೋ ಲೋಹಕ್ಕೆ ಫೆಟೀಗ್ ಬರದೆ ಇನ್ನೇನಾಗುತ್ತೆ? ಆ್ಯಕ್ಸಲ್ ಪದೇ ಪದೇ ಮುರಿದರೆ ಆ್ಯಕ್ಸಲ್ ಕಂಪನಿಯನ್ನು ಬೈಯೋ ಮುಂಚೆ ಡ್ರಾಪ್‌ಔಟ್ ನೋಡಿ.

ಈ ರೋಗವನ್ನು ನಾವೇ ಕೈಯಾರೆ ತರೋದೂ ಉಂಟು. ಹಳೇ ಸಿಂಗಲ್ ಸ್ಪೀಡ್ ಸ್ಟೀಲ್ ಫ್ರೇಮಿಗೆ ಗೇರ್ ಹಾಕೋ ಹುಮ್ಮಸ್ಸಿನಲ್ಲಿ 135 ಮಿ.ಮೀ. ಅಗಲದ ಹಬ್ ತುರುಕೋದು. ಇಬ್ಬರು ಹಿಡಿದು ಎರಡೂ ಕಾಲು ಅಗಲಿಸಿದರೆ ಎರಡೂ ಸಮನಾಗಿ ಅಗಲ್ತವೆ ಅಂತ ನಂಬಿಕೆ. ಹಾಗಾಗಲ್ಲ. ಯಾವ ಕಡೆ ಮೊದಲು ಯೀಲ್ಡ್ ಆಗುತ್ತೋ ಆ ಕಡೆಯೇ ಪೂರ್ತಿ ಬಾಗುತ್ತೆ, ಇನ್ನೊಂದು ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತೆ. ಅಗಲಿಸಿದ ಮೇಲೆ ದಾರ ಹಿಡಿಯಲೇಬೇಕು, ಡ್ರಾಪ್‌ಔಟುಗಳನ್ನು ಮತ್ತೆ ಸಮಾಂತರ ಮಾಡಲೇಬೇಕು.

ಗೇರಿನ ವಿಷಯದಲ್ಲಿ ಫ್ರೇಮಿಗಿಂತ ಮೊದಲು ಹಿಂದಿನ ಡೀರೇಲರ್ ತೂಗುಹಾಕೋ ಕಿವಿ, ಅಂದರೆ ಹ್ಯಾಂಗರ್ ನೋಡಬೇಕು. ಸ್ಟ್ಯಾಂಡಿನಲ್ಲಿ ಸೈಕಲ್ ಬಲಕ್ಕೆ ಬಿದ್ದರೆ ಸಾಕು, ಅದು ಒಳಕ್ಕೆ ಬಾಗುತ್ತೆ. ಅದನ್ನು ಅಳೆಯೋ ಗೇಜು ಇದೆ, ಬೆಲೆ ಜಾಸ್ತಿ. ಹಾಸ್ಟೆಲ್ ಉಪಾಯ: ಆ ಹ್ಯಾಂಗರಿನ ತೂತಿನ ಮರೆ ಸಾಮಾನ್ಯವಾಗಿ ಎಂ10, 1 ಮಿ.ಮೀ. ಪಿಚ್ಚು. ಕ್ವಿಕ್ ರಿಲೀಸ್ ಇರೋ ಬಹಳಷ್ಟು ಹಿಂದಿನ ಹಬ್ಬುಗಳ ಆ್ಯಕ್ಸಲ್ಲಿನ ಮರೆಯೂ ಅದೇ. ಗೆಳೆಯರ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಅದರ ಆ್ಯಕ್ಸಲ್ಲನ್ನು ಹ್ಯಾಂಗರಿಗೆ ತಿರುಗಿಸಿ ಕೂರಿಸಿ. ಈಗ ನಿಮ್ಮ ಚಕ್ರದ ಪಕ್ಕ ಇನ್ನೊಂದು ಚಕ್ರ ನಿಂತಿದೆ. ಎರಡು ರಿಮ್ಮುಗಳ ನಡುವಿನ ಅಂತರ ಸುತ್ತಲೂ ಒಂದೇ ಇದ್ದರೆ ಹ್ಯಾಂಗರ್ ನೆಟ್ಟಗಿದೆ. ನೋಡೋಕೆ ತಮಾಷೆಯಾಗಿರುತ್ತೆ, ಆದರೆ ಅಳತೆ ಪಕ್ಕಾ.

ಈಗ ತಮಾಷೆಯಲ್ಲದ ಮಾತು. ಎದುರಿನಿಂದ ಗುದ್ದಿಸಿಕೊಂಡ ಸೈಕಲ್ಲುಗಳದ್ದು. ಕಲ್ಲು ಬೆಂಚಿಗೋ, ಹಂಪ್ ಪಕ್ಕದ ಗುಂಡಿಗೋ, ನಿಂತ ಕಾರಿಗೋ ಹೊಡೆದ ಸೈಕಲ್ಲಿನಲ್ಲಿ ಫೋರ್ಕು ಹಿಂದಕ್ಕೆ ಬಾಗುತ್ತೆ. ತಿರುಗಿಸುವಾಗ ಷೂ ತುದಿ ಮುಂದಿನ ಚಕ್ರಕ್ಕೆ ತಾಗೋಕೆ ಶುರುವಾಗುತ್ತೆ. ಪೆಟ್ಟು ಇನ್ನೂ ಜೋರಾಗಿದ್ದರೆ ಹೆಡ್ ಟ್ಯೂಬೇ ಹಿಂದಕ್ಕೆ ತಳ್ಳಿಸಿಕೊಂಡು, ಅದರ ಹಿಂದೆ ಕೆಳಗಿನ ಕೊಳವೆಯ ಅಡಿಮೈ ಉಬ್ಬುತ್ತೆ. ಇದಕ್ಕೆ ದಾರವೂ ಬೇಡ, ಸ್ಕೇಲೂ ಬೇಡ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತೆ. ಹೆಡ್ ಟ್ಯೂಬಿನಿಂದ ಹತ್ತು ಸೆಂಟಿಮೀಟರ್ ತನಕ ಕೆಳಗಿನ ಕೊಳವೆಯ ಅಡಿಯಲ್ಲಿ ಬೆರಳು ಆಡಿಸಿ. ಉಬ್ಬು ಸಿಕ್ಕರೆ, ಅಲ್ಲಿ ಬಣ್ಣ ಬಿರುಕು ಬಿಟ್ಟಿದ್ದರೆ, ಅದು ಬಕ್ಲಿಂಗ್. ಎಡಬಲ ಸಮನಾಗಿ ಹಿಂದಕ್ಕೆ ಬಾಗಿರೋದರಿಂದ ದಾರದ ಪರೀಕ್ಷೆಯಲ್ಲಿ ಈ ಸೈಕಲ್ಲು ಫಸ್ಟ್ ಕ್ಲಾಸ್ ಪಾಸಾಗಬಹುದು, ಕೈ ಬಿಟ್ಟು ಓಡಿಸಿದರೂ ನೆಟ್ಟಗೇ ಹೋಗಬಹುದು. ಅದಕ್ಕೇ ಅದು ಅಪಾಯ. ಆ ಜಾಗದ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರೋ ಚಾಳಿಯನ್ನು ನಾವು ಕಂಡಿದ್ದೀವಿ. ಮಾರುವವರಿಗೆ ಅದು "ಸ್ವಲ್ಪ ಡೆಂಟು". ಕೊಂಡವರು ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಆ ಬಲವೆಲ್ಲ ಹೋಗಿ ಕೂರೋದು ಅದೇ ಡೆಂಟಿನ ಮೇಲೆ. ಇದನ್ನು ಮೋಸ ಅನ್ನೋಕೆ ನಮಗೆ ಸಂಕೋಚ ಇಲ್ಲ.

ಹಾಗಾದರೆ ಯಾವುದನ್ನು ನೆಟ್ಟಗೆ ಮಾಡಬಹುದು? ಸ್ಟೀಲ್ ಆದರೆ, ಪಕ್ಕಕ್ಕೆ ಬಾಗಿದ ಹಿಂದಿನ ಭಾಗವನ್ನು, ಡ್ರಾಪ್‌ಔಟನ್ನು, ಬಿಸಿ ಮಾಡದೆ ತಣ್ಣಗೇ ಬಗ್ಗಿಸಿ ಸರಿಮಾಡಬಹುದು. ಫ್ರೇಮು ಕಟ್ಟುವವರು ಮಾಡೋದೂ ಅದನ್ನೇ. ಉದ್ದನೆಯ ಮರದ ತುಂಡು ಸನ್ನೆಗೋಲಾಗುತ್ತೆ. ಒಂಚೂರು ಒತ್ತಿ, ದಾರ ನೋಡಿ, ಮತ್ತೆ ಒಂಚೂರು ಒತ್ತಿ. ಸ್ಪ್ರಿಂಗ್‌ಬ್ಯಾಕ್ ಇರೋದರಿಂದ ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿಯೇ ವಾಪಸ್ ಬರಬೇಕು. ಉಬ್ಬಿದ ಕೊಳವೆಗೆ, ಬಿರುಕಿಗೆ ಈ ಚಿಕಿತ್ಸೆ ಇಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಇದನ್ನು ಮಾಡಲೇಬೇಡಿ. ವೆಲ್ಡ್ ಆದ ಮೇಲೆ ಹೀಟ್ ಟ್ರೀಟ್ ಮಾಡಿ ಗಟ್ಟಿ ಮಾಡಿದ ಲೋಹ ಅದು. ಬಗ್ಗಿಸಿ ವಾಪಸ್ ಬಗ್ಗಿಸಿದರೆ ಒಳಗೆ ಬಿರುಕು ಹುಟ್ಟಬಹುದು. ಮೇಲಾಗಿ ಸ್ಟೀಲಿಗಿರೋ ಎಂಡ್ಯೂರೆನ್ಸ್ ಲಿಮಿಟ್ ಅಲ್ಯೂಮಿನಿಯಮ್ಮಿಗೆ ಇಲ್ಲ, ಹುಟ್ಟಿದ ಬಿರುಕು ಬೆಳೆಯುತ್ತಲೇ ಇರುತ್ತೆ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಹ್ಯಾಂಗರ್ ಬೇರೆಯಾಗಿ ಬಿಚ್ಚೋ ಹಾಗೆ ಇರೋದೂ ಈ ಕಾರಣಕ್ಕೇ. ಫ್ಯೂಸಿನ ಹಾಗೆ ಅದು ಮೊದಲು ಹೋಗಲಿ, ಫ್ರೇಮು ಉಳೀಲಿ ಅಂತ. ಕಾರ್ಬನ್ ಬಾಗೋದೇ ಇಲ್ಲ, ಒಡೆಯುತ್ತೆ. ಕಾರ್ಬನ್ ಸೈಕಲ್ ಇಟ್ಟುಕೊಂಡವರು ಈ ಲೇಖನ ಓದ್ತಿರೋದೇ ಆಶ್ಚರ್ಯ.

"ಎರಡು ಸಾವಿರದ ಸೈಕಲ್ಲಿಗೆ ಇಷ್ಟೊಂದು ಶಾಸ್ತ್ರ ಯಾಕೆ?" ಅಂತ ಕೇಳೋರಿದ್ದಾರೆ. ಎರಡು ಸಾವಿರ ಯಾರಿಗೆ ಕಮ್ಮಿ ಅನ್ನೋದು ಮೊದಲ ಪ್ರಶ್ನೆ. ಊರಿಂದ ಬಂದು ಹಾಸ್ಟೆಲ್ಲಿನಲ್ಲಿರೋ ಫಸ್ಟ್ ಇಯರ್ ಹುಡುಗಿಗೆ ಅದು ಒಂದು ತಿಂಗಳ ಕೈಖರ್ಚು. ಎರಡನೇದು, ಇಲ್ಲಿ ಬೆಲೆಗಿಂತ ಬ್ರೇಕಿನ ಮಾತು ಮುಖ್ಯ. ಇನ್ನು "ಸರಿಯಾದ ಫ್ರೇಮ್ ಟೇಬಲ್ ಇಲ್ಲದೆ ಇದೆಲ್ಲ ಅಂದಾಜು" ಅನ್ನೋ ಮೆಟ್ರಾಲಜಿ ಪಂಡಿತರಿಗೆ: ಹೌದು, ಪೆಡಲ್ ಆ್ಯಕ್ಸಲ್ ಕೂರೋ ಜಾಗವನ್ನು ಸರ್ಫೇಸ್ ಟೇಬಲ್ಲಿಗೆ ಬಿಗಿದು ಹೈಟ್ ಗೇಜಿನಿಂದ ಅಳೆಯೋದೇ ಉತ್ತಮ. ಆದರೆ ಕೈಗೆ ಸಿಗೋ ಅರ್ಧ ಮಿಲಿಮೀಟರಿನ ಅಳತೆ, ಕೈಗೆ ಸಿಗದ ಮೈಕ್ರಾನ್ ಅಳತೆಗಿಂತ ಮೇಲು. ನಮ್ಮ ತೀರ್ಮಾನಕ್ಕೆ ಬೇಕಿರೋದು 2 ಮಿ.ಮೀ.ಯೋ 8 ಮಿ.ಮೀ.ಯೋ ಅನ್ನೋದಷ್ಟೇ.

ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ನಾವೆಲ್ಲ ಎಂಎಸ್ ಪ್ಲೇಟು ಅರದಿಂದ ಉಜ್ಜಿ ಉಜ್ಜಿ, ಮೂಲೆಮಟ್ಟ ಇಟ್ಟು ಬೆಳಕು ನುಸುಳುತ್ತಾ ನೋಡಿ, ವಿ-ಫಿಟ್ಟಿಂಗ್ ಮಾಡಿ ಮಾರ್ಕ್ಸ್ ತಗೊಂಡಿದ್ದೀವಿ. ಆ ಪ್ಲೇಟು ಆಮೇಲೆ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಅದೇ ಸಾಲಿನಲ್ಲಿ ಒಂದು ಮಧ್ಯಾಹ್ನ ಸೈಕಲ್ ಫ್ರೇಮಿಗೂ ಕೊಡಿ ಅಂತ ವಿಭಾಗದವರನ್ನು ಕೇಳೋದು ಅತಿಯಾಸೆಯೇನಲ್ಲ. ಡ್ರಾಪ್‌ಔಟ್ ಸಮಾಂತರ ನೋಡೋ ಸಾಧನವನ್ನು ಅಲ್ಲೇ ಮಾಡಬಹುದು. ಎರಡು ಉದ್ದದ ಥ್ರೆಡ್ ರಾಡು, ನಾಲ್ಕು ನಟ್ಟು, ವಾಷರು. ಎರಡು ಡ್ರಾಪ್‌ಔಟಿಗೆ ಒಂದೊಂದು ರಾಡು ಬಿಗಿದು, ಒಳಗಿನ ತುದಿಗಳು ನಡುವಿನಲ್ಲಿ ಎದುರುಬದುರು ಕೂಡ್ತಾವಾ ನೋಡೋದು. ಕೂಡದಿದ್ದರೆ ಎಷ್ಟು ತಪ್ಪಿದೆ ಅಂತ ವರ್ನಿಯರಿನಲ್ಲಿ ಅಳೆದು ರೆಕಾರ್ಡ್ ಬುಕ್ಕಿನಲ್ಲಿ ಬರೆಯೋದು. ಹಾಸ್ಟೆಲ್ ಹಿಂದಿನ ಸ್ಟ್ಯಾಂಡಿನಲ್ಲಿ ಸ್ಯಾಂಪಲ್ಲಿಗೇನೂ ಬರ ಇಲ್ಲ.

ಅಲ್ಲಿಯ ತನಕ ನಮ್ಮ ಕ್ಲಬ್ಬಿನವರು ಮಾಡ್ತಿರೋದು ಇಷ್ಟು. ಮಾರಾಟಕ್ಕಿರೋ ಸೈಕಲ್ಲನ್ನು ಯಾರಾದರೂ ತಂದರೆ ಒಂದು ಚೀಟಿ ಬರೆದು ಹ್ಯಾಂಡಲ್ಲಿಗೆ ಕಟ್ಟಿ ಕೊಡ್ತೀವಿ. ದಾರದ ಎಡ ಅಳತೆ, ಬಲ ಅಳತೆ. ಚಕ್ರ ತಿರುಗಿಸಿ ನೋಡಿದಾಗ ಫ್ರೇಮಿನ ಪಾಲೆಷ್ಟು, ಚಕ್ರದ ಪಾಲೆಷ್ಟು. ತಿರುಚು ಇದೆಯಾ ಇಲ್ಲವಾ. ಫೋರ್ಕು ಹೇಗಿದೆ. ಕೆಳಗಿನ ಕೊಳವೆಯಲ್ಲಿ ಉಬ್ಬು ಇದ್ದರೆ ಅದೊಂದನ್ನು ಕೆಂಪು ಇಂಕಿನಲ್ಲಿ. ಬೆಲೆ ಎಷ್ಟು ಅಂತ ನಾವು ಹೇಳಲ್ಲ, ಅದು ಮಾರುವವರಿಗೂ ಕೊಳ್ಳುವವರಿಗೂ ಬಿಟ್ಟದ್ದು. ಮೊನ್ನೆ ಚೀಟಿ ಕಟ್ಟಿದ ಒಂದು ಸೈಕಲ್ಲಿನ ಅಳತೆ ಎಡಕ್ಕೆ 36, ಬಲಕ್ಕೆ 30, ಸ್ಟೀಲ್ ಫ್ರೇಮು, ಉಬ್ಬಿಲ್ಲ, ಬಿರುಕಿಲ್ಲ. ಆರು ಮಿಲಿಮೀಟರಿಗೆ ಮುನ್ನೂರು ರೂಪಾಯಿ ಇಳಿಸಿಕೊಂಡು ಒಬ್ಬಳು ತಗೊಂಡಿದ್ದಾಳೆ. ಮರದ ತುಂಡು ಹುಡುಕ್ತಾ ಇದ್ದೀವಿ.